ಬ್ರಾ ಅಳತೆ ಮತ್ತು ಹೊಂದಾಣಿಕೆ: ಕಾರವಾರದ ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲೆ, ಕುಮಟೆ, ಸದಾಶಿವಗಡದಿಂದ ಬರುವವರು, ಘಟ್ಟ ಇಳಿದು ಶಿರಸಿ, ಯಲ್ಲಾಪುರದಿಂದ ಬರುವವರು ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳೇ ಇವು. ನೂರಕ್ಕೆ ಇಷ್ಟು ಎಂದು ಲೆಕ್ಕ ಕೊಡಲಾರೆ, ಆದರೆ ನಮ್ಮಲ್ಲಿಗೆ ಬರುವವರಲ್ಲಿ ಬಹಳಷ್ಟು ಜನರ ತೊಂದರೆ ಒಂದೇ: ಎದೆಯ ಬುಡದಲ್ಲಿ ಮೈಸುತ್ತ ಬರುವ ಕೆಳಪಟ್ಟಿ ಸಡಿಲ, ಕಪ್ ಚಿಕ್ಕದು. ಉಳಿದ ದೂರುಗಳೆಲ್ಲ ಹೆಚ್ಚಾಗಿ ಅಲ್ಲಿಂದಲೇ ಹುಟ್ಟಿಕೊಳ್ಳುತ್ತವೆ.

ಅಳತೆಯನ್ನು ಮನೆಯಲ್ಲೇ ತೆಗೆದುಕೊಳ್ಳುವುದು ಹೇಗೆ?

ದರ್ಜಿಯ ಟೇಪು, ಕನ್ನಡಿ, ಚಿಲಕ ಇರುವ ಕೋಣೆ, ಇಷ್ಟು ಸಾಕು. ಟೇಪು ಹಳೆಯದಾಗಿದ್ದರೆ ಮೊದಲು ಮಕ್ಕಳ ಸ್ಕೇಲಿನ ಪಕ್ಕದಲ್ಲಿಟ್ಟು ನೋಡಿ. ಬಟ್ಟೆಯ ಟೇಪು ವರ್ಷಗಳು ಕಳೆದಂತೆ ಹಿಗ್ಗಿ ಸುಳ್ಳು ಹೇಳತೊಡಗುತ್ತದೆ.

ಪ್ಯಾಡ್ ಇಲ್ಲದ ತೆಳುವಾದ ಬ್ರಾ ಹಾಕಿಕೊಂಡೋ ಏನೂ ಇಲ್ಲದೆಯೋ ನೇರವಾಗಿ ನಿಂತುಕೊಳ್ಳಿ. ಮೊದಲ ಅಳತೆ ಸ್ತನದ ಬುಡದಲ್ಲಿ, ಪಕ್ಕೆಲುಬಿನ ಸುತ್ತ. ಉಸಿರು ಹೊರಗೆ ಬಿಟ್ಟು, ಟೇಪನ್ನು ಬಿಗಿಯಾಗಿ ಹಿಡಿದು ಓದಿ. ಬೆನ್ನಿನ ಕಡೆ ಟೇಪು ಕಣ್ಣಿಗೆ ಬೀಳದಂತೆ ಮೇಲೋ ಕೆಳಗೋ ಜಾರಿರುತ್ತದೆ, ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡನೆಯ ಅಳತೆ ಎದೆಯ ಅತಿ ಉಬ್ಬಿದ ಭಾಗದ ಮೇಲೆ. ಇಲ್ಲಿ ಟೇಪು ತಾಗಿದರೆ ಸಾಕು, ಒತ್ತಬಾರದು. ಮಕ್ಕಳಿಗೆ ಹಾಲೂಡಿಸಿದವರು, ವಯಸ್ಸಾದವರು, ಎದೆ ಭಾರ ಇರುವವರು ಸೊಂಟದಿಂದ ಮುಂದಕ್ಕೆ ಬಾಗಿ ಇನ್ನೊಮ್ಮೆ ಅಳೆಯಬೇಕು. ನಿಂತಾಗ ಕೆಳಗೆ ಇಳಿದಿರುವ ಅಂಗಾಂಶ ಬಾಗಿದಾಗ ಲೆಕ್ಕಕ್ಕೆ ಸಿಗುತ್ತದೆ. ಎರಡೂ ಬೇರೆ ಬಂದರೆ ನಡುವಿನ ಸಂಖ್ಯೆಯನ್ನು ಹಿಡಿಯಿರಿ.

ಬುಡದ ಅಳತೆ ಕೆಳಪಟ್ಟಿಯ ಸಂಖ್ಯೆ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಕಪ್. ಒಂದು ಇಂಚು ವ್ಯತ್ಯಾಸವಿದ್ದರೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ, ಐದಕ್ಕೆ ಡಿಡಿ. ಬುಡದಲ್ಲಿ 32, ಮೇಲೆ 35 ಬಂದರೆ 32ಸಿ. ಬುಡದ ಅಳತೆ 31, 33 ಎಂದು ಬೆಸ ಸಂಖ್ಯೆ ಬಂದರೆ ಹಿಂದಿನದು, ಮುಂದಿನದು ಎರಡನ್ನೂ ಹಾಕಿ ನೋಡಿ.

ನನ್ನ ಬುಡದ ಅಳತೆ 28. ಡಬ್ಬಿಯ ಹಿಂದಿನ ಅಳತೆಪಟ್ಟಿ 32 ಎನ್ನುತ್ತದೆ. ಯಾವುದು ಸರಿ?

ಗೊಂದಲದ ಮೂಲ ಇದೇ. ಹಿಂದೆ ಬ್ರಾಗಳನ್ನು ಹಿಗ್ಗದ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಮೈಗೆ ಸರಿಯಾಗಿ 28 ಇಂಚು ಕತ್ತರಿಸಿದರೆ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಆದ್ದರಿಂದ ಬುಡದ ಅಳತೆಗೆ ನಾಲ್ಕೈದು ಇಂಚು ಸೇರಿಸಿ ಸಂಖ್ಯೆ ಹೇಳುವ ರೂಢಿ ಬಂತು. ಈಗ ಕೆಳಪಟ್ಟಿಯ ತುಂಬ ಎಲಾಸ್ಟಿಕ್ ಇದೆ, ಆದರೂ ನಮ್ಮ ದೇಶದ ಹಲವು ಬ್ರ್ಯಾಂಡ್‌ಗಳು ಹಳೆಯ ಲೆಕ್ಕವನ್ನು ಬಿಟ್ಟಿಲ್ಲ. ಕೆಲವು ಬಿಟ್ಟಿವೆ. ಹೀಗಾಗಿ ಒಂದು ಕಂಪನಿಯ 32 ಇನ್ನೊಂದರ 34ಕ್ಕಿಂತ ಸಡಿಲವಾಗಿರುವುದೂ ಉಂಟು.

ಮೇಲಿನ ಉದಾಹರಣೆಯನ್ನೇ ನೋಡಿ. ಬುಡ 32, ಎದೆ 35 ಇರುವವರಿಗೆ ನಾಲ್ಕು ಸೇರಿಸಿದರೆ 36 ಆಗುತ್ತದೆ. ಆಗ ಅಂಗಡಿಯವರು ಕೊಡುವುದು 36ಎ. ವಿಚಿತ್ರವೆಂದರೆ 36ಎಯ ಕಪ್ಪಿಗೂ 32ಸಿಯ ಕಪ್ಪಿಗೂ ಗಾತ್ರದಲ್ಲಿ ಹೆಚ್ಚು ಕಡಿಮೆ ಇಲ್ಲ. ಕಪ್ ತುಂಬಿದಂತೆ ಕಾಣುತ್ತದೆ, ಹಾಕಿಕೊಂಡವರು ಸರಿಯಿದೆ ಎಂದುಕೊಳ್ಳುತ್ತಾರೆ. ಆದರೆ ಕೆಳಪಟ್ಟಿ ನಾಲ್ಕು ಇಂಚು ಸಡಿಲ. ಭಾರ ಹೊರುವ ಕೆಲಸ ಭುಜಪಟ್ಟಿಯ ಪಾಲಿಗೆ ಬರುತ್ತದೆ, ಸಂಜೆಗೆ ಕುತ್ತಿಗೆ ನೋವು.

ನೀವು ಮಾಡಬೇಕಾದದ್ದು ಇಷ್ಟೇ: ಕೊಳ್ಳುವ ಬ್ರ್ಯಾಂಡಿನ ಅಳತೆಪಟ್ಟಿಯಲ್ಲಿ ನಿಮ್ಮ ಬುಡದ ಅಳತೆಗೆ ಎದುರಾಗಿ ಏನಿದೆ ಎಂದು ನೋಡಿ, ಅದನ್ನೂ ಅದಕ್ಕಿಂತ ಒಂದು ಸಂಖ್ಯೆ ಕಡಿಮೆಯದನ್ನೂ ಹಾಕಿ ನೋಡಿ. ಎಲಾಸ್ಟಿಕ್ ಕೇವಲ ಹಿಂಬದಿಯಲ್ಲಿ ಎರಡು ಬೆರಳಗಲ ಇರುವ ಸಾದಾ ಹತ್ತಿ ಬ್ರಾಗಳಿಗೆ ಮಾತ್ರ ಹಳೆಯ ಲೆಕ್ಕ ಇಂದಿಗೂ ಒಂದು ಮಟ್ಟಿಗೆ ನಡೆಯುತ್ತದೆ.

ರವಿಕೆಗೆ ನನ್ನ ಅಳತೆ 36. ಹಾಗಾದರೆ 36ರ ಬ್ರಾ ಕೊಡಿ.

ಕೊಡುವುದಿಲ್ಲ. ದರ್ಜಿಯ 36 ಎಂದರೆ ಎದೆಯ ಮೇಲಿನ ಸುತ್ತಳತೆ, ಬ್ರಾದ 36 ಎಂದರೆ ಎದೆಯ ಕೆಳಗಿನದು. ರವಿಕೆ 36 ಇರುವವರಿಗೆ 32ಡಿ ಬೇಕಾಗಬಹುದು, 34ಬಿಯೂ ಬೇಕಾಗಬಹುದು. ಅಂದ ಹಾಗೆ, ರವಿಕೆಗೆ ಅಳತೆ ಕೊಡಲು ಹೋಗುವಾಗ ಆ ಸೀರೆಯ ಜೊತೆ ಯಾವ ಬ್ರಾ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಹೋಗಿ. ಹಳೆಯ ಜೋತುಬಿದ್ದ ಬ್ರಾದಲ್ಲಿ ಅಳತೆ ಕೊಟ್ಟು, ಮದುವೆಯ ದಿನ ಹೊಸದನ್ನು ಹಾಕಿಕೊಂಡು, ರವಿಕೆಯ ಡಾಟ್ ಎಲ್ಲೋ ಎದೆ ಎಲ್ಲೋ ಎಂದು ದರ್ಜಿಯನ್ನು ಬೈಯುವುದು ನ್ಯಾಯವಲ್ಲ.

ಡಿ ಕಪ್ಪೇ? ನಾನು ಅಷ್ಟು ದಪ್ಪ ಇಲ್ಲವಲ್ಲ!

ಈ ಮಾತು ಹೇಳುವಾಗ ಮುಖ ಕೆಂಪಾಗುತ್ತದೆ. ಡಿ ಎಂಬುದಕ್ಕೆ ತನ್ನದೇ ಆದ ಗಾತ್ರವಿಲ್ಲ, ಬುಡಕ್ಕೂ ಮೇಲಕ್ಕೂ ನಾಲ್ಕು ಇಂಚು ವ್ಯತ್ಯಾಸ ಇದೆ ಎಂದಷ್ಟೇ ಅದರ ಅರ್ಥ. 30ಡಿ ಸಣ್ಣ ಮೈಕಟ್ಟಿನ ಹುಡುಗಿಯ ಅಳತೆ. ಅದರ ಕಪ್ 34ಬಿಯ ಕಪ್ಪಿನಷ್ಟೇ ಹಿಡಿಯುತ್ತದೆ. ಅಕ್ಷರಕ್ಕೆ ನಾಚಿಕೊಂಡು ಚಿಕ್ಕ ಕಪ್ಪಿನಲ್ಲಿ ತುರುಕಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಳಗಿನ ಚೀಟಿಯನ್ನು ಓದುವವರು ಯಾರು?

ಸರಿಯಾಗಿ ಕುಳಿತಿದೆ ಎಂದು ತಿಳಿಯುವುದು ಹೇಗೆ?

ಮೊದಲು ಹಾಕಿಕೊಳ್ಳುವ ರೀತಿ ಸರಿಯಿರಬೇಕು. ಹುಕ್ ಹಾಕಿದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಬಲಗೈಯನ್ನು ಎಡಗಡೆಯ ಕಪ್ಪಿನೊಳಗೆ ಹಾಕಿ, ಕಂಕುಳ ಕಡೆಯಿಂದ ಎಲ್ಲವನ್ನೂ ಮುಂದಕ್ಕೆ ತಂದು ಕೂರಿಸಿ. ಇನ್ನೊಂದು ಬದಿಗೂ ಹಾಗೆಯೇ. ನಮ್ಮಲ್ಲಿ ಈ ಒಂದು ಹೆಜ್ಜೆಯನ್ನು ಹೇಳಿಕೊಟ್ಟ ಕೂಡಲೇ 'ಸರಿಯಾಗಿದೆ' ಎಂದು ತಂದ ಬ್ರಾ ಒಂದೆರಡು ಕಪ್ ಚಿಕ್ಕದೆಂದು ಗೊತ್ತಾಗುವುದು ದಿನದ ಮಾತು. ಕಂಕುಳ ಬಳಿ ಕೊಬ್ಬು ಎಂದು ಕೊರಗುತ್ತಿದ್ದುದರಲ್ಲಿ ಒಂದಷ್ಟು ಸ್ತನವೇ ಆಗಿರುತ್ತದೆ.

ಆಮೇಲೆ ಕೆಳಪಟ್ಟಿ ನೋಡಿ. ಹೊಸ ಬ್ರಾ ಎಲ್ಲಕ್ಕಿಂತ ಹೊರಗಿನ ಹುಕ್ ಸಾಲಿನಲ್ಲಿ ಬಿಗಿಯಾಗಿ ಕೂರಬೇಕು. ಎಲಾಸ್ಟಿಕ್ ಸೋತಂತೆ ಒಳಗಿನ ಸಾಲುಗಳಿಗೆ ಹೋಗಲೆಂದೇ ಮೂರು ಸಾಲು ಇಟ್ಟಿರುವುದು. ಕೊಳ್ಳುವ ದಿನವೇ ಒಳಗಿನ ಸಾಲಿಗೆ ಹಾಕಬೇಕಾದರೆ ಅದು ನಿಮ್ಮ ಅಳತೆಯಲ್ಲ. ಬೆನ್ನ ಹಿಂದೆ ಪಟ್ಟಿಯ ಅಡಿ ಎರಡು ಬೆರಳು ಸರಾಗವಾಗಿ ಹೋಗಬೇಕು, ಇಡೀ ಮುಷ್ಟಿ ಹೋಗಬಾರದು. ಮುಂದೆ ಮತ್ತು ಹಿಂದೆ ಪಟ್ಟಿ ಒಂದೇ ಮಟ್ಟದಲ್ಲಿರಬೇಕು. ಭುಜಪಟ್ಟಿಗಳನ್ನು ಇಳಿಸಿ ನೋಡುವುದು ಒಳ್ಳೆಯ ಪರೀಕ್ಷೆ: ಆಗಲೂ ಬ್ರಾ ಹೆಚ್ಚು ಕಡಿಮೆ ಅಲ್ಲೇ ನಿಂತರೆ ಪಟ್ಟಿ ತನ್ನ ಕೆಲಸ ಮಾಡುತ್ತಿದೆ. ಜಾರಿದರೆ ಒಂದು ಸಂಖ್ಯೆ ಕೆಳಗೆ ಬನ್ನಿ.

ಕಪ್ಪಿನ ಅಂಚಿನಲ್ಲಿ ಉಕ್ಕಿ ನಾಲ್ಕು ಉಬ್ಬು ಕಾಣಿಸಿದರೆ ಕಪ್ ಚಿಕ್ಕದು. ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು ಎಂದು ತಕ್ಷಣ ತೀರ್ಮಾನಿಸಬೇಡಿ. ಹಲವು ಸಲ ಕಪ್ ಚಿಕ್ಕದಾಗಿ ಸ್ತನ ಒಳಕ್ಕೆ ಇಳಿಯಲಾಗದೆ ಮೇಲೆ ಖಾಲಿ ಕಾಣುತ್ತದೆ. ತಂತಿ ಇರುವ ಬ್ರಾದಲ್ಲಿ ಎರಡು ಕಪ್ಪಿನ ನಡುವಿನ ತುಂಡು ಎದೆಮೂಳೆಗೆ ತಾಗಿರಬೇಕು, ಪಕ್ಕದಲ್ಲಿ ತಂತಿಯ ತುದಿ ಪಕ್ಕೆಯ ಮೇಲೆ ಕೂರಬೇಕೇ ಹೊರತು ಸ್ತನದ ಮೇಲಲ್ಲ. ಕೊನೆಗೆ ಎರಡೂ ಕೈ ಮೇಲೆತ್ತಿ, ಅಟ್ಟದಿಂದ ಡಬ್ಬ ಇಳಿಸುವವರಂತೆ. ಕೆಳಗಿನಿಂದ ಸ್ತನ ಹೊರಗೆ ಬಂದರೆ ಪಟ್ಟಿ ಸಡಿಲ ಅಥವಾ ಕಪ್ ಚಿಕ್ಕದು.

ಭುಜಪಟ್ಟಿ ಜಾರುತ್ತದೆ. ಬಿಗಿ ಮಾಡಿದರೆ ಭುಜದಲ್ಲಿ ಗೆರೆ ಬೀಳುತ್ತದೆ.

ಕೆಳಪಟ್ಟಿ ಬೆನ್ನ ಮೇಲೆ ಏರಿದಾಗ ಭುಜಪಟ್ಟಿಗಳು ಹೊರಕ್ಕೆ ಓರೆಯಾಗಿ ಜಾರುತ್ತವೆ. ಬಿಗಿ ಮಾಡಿದರೆ ಹಿಂಬದಿ ಇನ್ನೂ ಮೇಲೇರುತ್ತದೆ. ಮದ್ದು ಕೆಳಪಟ್ಟಿಯಲ್ಲಿದೆ. ಇಳಿಜಾರು ಭುಜದವರಿಗೆ ಮಾತ್ರ ಅಳತೆ ಸರಿಯಿದ್ದರೂ ಜಾರುತ್ತದೆ, ಅವರು ಬೆನ್ನಿನ ನಡುವೆ ಪಟ್ಟಿಗಳು ಹತ್ತಿರ ಬರುವ ಮಾದರಿ ಹುಡುಕಲಿ.

34ಬಿ ಮುಗಿದಿದೆ, 36ಬಿ ಒಯ್ಯಿರಿ ಎನ್ನುತ್ತಾರೆ. ಒಯ್ಯಬಹುದೇ?

36ಬಿಯಲ್ಲಿ ಪಟ್ಟಿಯೂ ದೊಡ್ಡದು, ಕಪ್ಪೂ ದೊಡ್ಡದು. ಸಂಖ್ಯೆ ಒಂದು ಹೆಜ್ಜೆ ಮೇಲೆ ಹೋದರೆ ಅಕ್ಷರ ಒಂದು ಹೆಜ್ಜೆ ಕೆಳಗೆ ಬರಬೇಕು. 34ಬಿಗೆ ನೆರೆಯವರು 32ಸಿ ಮತ್ತು 36ಎ. ನಿಮಗೆ 34ರ ಪಟ್ಟಿ ಸ್ವಲ್ಪ ಸಡಿಲವೆನಿಸುತ್ತಿದ್ದರೆ 32ಸಿ ಕೇಳಿ, ಬಿಗಿಯೆನಿಸುತ್ತಿದ್ದರೆ 36ಎ. ಒಂದು ಹೆಜ್ಜೆ ಸರಿ, ಎರಡು ಹೆಜ್ಜೆ ಹೋದರೆ ಭುಜಪಟ್ಟಿಯ ಅಂತರ, ತಂತಿಯ ಅಗಲ ಎಲ್ಲವೂ ಕೆಡುತ್ತದೆ.

ನಮ್ಮೂರಿನ ಅಂಗಡಿಯಲ್ಲಿ ಗಂಡಸರೇ ಇರುತ್ತಾರೆ, ಹಾಕಿ ನೋಡಲು ಜಾಗವೂ ಇಲ್ಲ.

ಜಿಲ್ಲೆಯ ಹೆಚ್ಚಿನ ಊರುಗಳ ಸ್ಥಿತಿ ಇದೇ. ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಾಗಲಿ, ಕಾರವಾರದ ಭಾನುವಾರದ ಸಂತೆಯಲ್ಲಾಗಲಿ ಹಾಕಿ ನೋಡುವ ಪ್ರಶ್ನೆಯೇ ಇಲ್ಲ. ಅಂಗಡಿಯವರು ಸೀರೆಯ ಮೇಲಿನಿಂದಲೇ ಒಮ್ಮೆ ಕಣ್ಣು ಹಾಯಿಸಿ 'ನಿಮಗೆ 36' ಎಂದು ಹೇಳುವುದು ಅಳತೆಯಲ್ಲ, ಅಂದಾಜು. ಅದನ್ನು ಗೌರವದಿಂದ ನಿರಾಕರಿಸಿ.

ಟೇಪನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ. ಬ್ರಾದ ಕೆಳಪಟ್ಟಿಯನ್ನು ತುದಿಯಿಂದ ತುದಿಗೆ ಪೂರ್ತಿ ಎಳೆದು ಅಳೆಯಿರಿ. ನಿಮ್ಮ ಬುಡದ ಸುತ್ತಳತೆಯಷ್ಟು ಅಥವಾ ಒಂದೆರಡು ಇಂಚು ಹೆಚ್ಚು ಹಿಗ್ಗಿದರೆ ತಕ್ಕಮಟ್ಟಿಗೆ ನಂಬಬಹುದು. ಐದಾರು ಇಂಚು ಹೆಚ್ಚು ಹಿಗ್ಗಿದರೆ ಚೀಟಿಯ ಮೇಲೆ ಏನೇ ಬರೆದಿರಲಿ, ಅದು ನಿಮ್ಮದಲ್ಲ. ಅಂತರ್ಜಾಲದಲ್ಲಿ ತರಿಸುವವರು ಹಿಂದಿರುಗಿಸುವ ಷರತ್ತನ್ನು ಮೊದಲೇ ಓದಿ. ಒಳಉಡುಪನ್ನು ಹಿಂದಕ್ಕೆ ಪಡೆಯದವರು ಬಹಳ. ಹಾಗಿದ್ದಲ್ಲಿ ಒಂದೇ ಸಲ ಮೂರರ ಕಟ್ಟು ತರಿಸಬೇಡಿ.

ದುಬೈಯಿಂದ ತಂದ ಬ್ರಾದಲ್ಲಿ 75ಬಿ ಎಂದಿದೆ. ಅದು ಎಷ್ಟು?

ಭಟ್ಕಳದವರ ಪ್ರಶ್ನೆ ಇದು, ಹೊನ್ನಾವರದಿಂದಲೂ ಬರುತ್ತದೆ. ಯುರೋಪಿನ ಲೆಕ್ಕದ 70 ನಮ್ಮ 32ಕ್ಕೆ ಸಮ, 75 ಎಂದರೆ 34, 80 ಎಂದರೆ 36. ಫ್ರೆಂಚ್ ಲೆಕ್ಕದಲ್ಲಿ ಇನ್ನೂ 15 ಸೇರುತ್ತದೆ, ಅಲ್ಲಿ 34ಕ್ಕೆ 90. ಎಚ್ಚರವೇನೆಂದರೆ, ನಮ್ಮ ದೇಶದ ಕೆಲವು ಡಬ್ಬಿಗಳ ಮೇಲೆ 32 ಇಂಚಿನ ಪಕ್ಕದಲ್ಲಿ 80 ಸೆಂ.ಮೀ. ಎಂದು ನೇರವಾಗಿ ಲೆಕ್ಕ ಹಾಕಿ ಅಚ್ಚು ಹಾಕಿರುತ್ತಾರೆ. ಆ 80 ಬೇರೆ, ಯುರೋಪಿನ 80 ಬೇರೆ. ಗಲ್ಫಿನಿಂದ ತರಿಸುವಾಗ ಸೆಂಟಿಮೀಟರ್ ಸಂಖ್ಯೆ ಹೇಳದೆ ಇಂಚಿನ ಅಳತೆ ಹೇಳಿ ಕಳಿಸಿ.

ಒಂದು ಬದಿ ದೊಡ್ಡದು, ಒಂದು ಚಿಕ್ಕದು. ಏನಾದರೂ ತೊಂದರೆಯೇ?

ಮೊದಲಿನಿಂದಲೂ ಹಾಗೇ ಇದ್ದರೆ ಸಹಜ, ಬಹಳ ಜನರಿಗೆ ಇರುತ್ತದೆ. ದೊಡ್ಡ ಬದಿಗೆ ಸರಿಹೊಂದುವುದನ್ನು ಕೊಂಡು, ಚಿಕ್ಕ ಬದಿಯ ಭುಜಪಟ್ಟಿಯನ್ನು ತುಸು ಬಿಗಿ ಮಾಡಿ ಅಥವಾ ತೆಗೆಯಬಹುದಾದ ಪ್ಯಾಡ್ ಇಡಿ. ಇದ್ದಕ್ಕಿದ್ದಂತೆ ಒಂದು ಬದಿ ಬದಲಾಗಿದ್ದರೆ, ಗಂಟು ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತಿದ್ದರೆ, ತೊಟ್ಟಿನಿಂದ ರಕ್ತ ಬಂದರೆ ಅಂಗಡಿಗೆ ಬರಬೇಡಿ, ವೈದ್ಯರ ಬಳಿ ಹೋಗಿ.

ತಂತಿ ಇರುವ ಬ್ರಾ, ಕಪ್ಪು ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತದಂತೆ?

ವಾಟ್ಸ್‌ಆ್ಯಪ್ ಬಿಟ್ಟರೆ ಬೇರೆಲ್ಲೂ ಇದಕ್ಕೆ ಆಧಾರವಿಲ್ಲ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಮುಟ್ಟು ನಿಂತ ಸಾವಿರದೈನೂರಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ತಂತಿ, ಕಪ್ ಗಾತ್ರ, ದಿನಕ್ಕೆ ಎಷ್ಟು ಹೊತ್ತು ಹಾಕುತ್ತಾರೆ, ಯಾವ ವಯಸ್ಸಿನಿಂದ ಹಾಕುತ್ತಿದ್ದಾರೆ ಎಂಬುದನ್ನೆಲ್ಲ ನೋಡಿತು. ಸ್ತನ ಕ್ಯಾನ್ಸರ್‌ಗೂ ಇವುಗಳಿಗೂ ಸಂಬಂಧ ಸಿಗಲಿಲ್ಲ. ತಂತಿ ಚುಚ್ಚುತ್ತಿದ್ದರೆ ಅಳತೆ ತಪ್ಪಿದೆ ಎಂದು ಅರ್ಥ. ಕಪ್ಪು ಬಣ್ಣದಿಂದ ಆಗುವ ಹಾನಿ ಒಂದೇ, ಬಿಳಿ ರವಿಕೆಯ ಒಳಗಿಂದ ಕಾಣುತ್ತದೆ. ಬಿಳಿ ಬಟ್ಟೆಯ ಅಡಿಗೆ ಬಿಳಿ ಬ್ರಾ ಕೂಡ ಕಾಣುತ್ತದೆ, ನಿಮ್ಮ ಮೈಬಣ್ಣದ್ದೇ ಉತ್ತಮ.

ಹಾಕದೇ ಇದ್ದರೆ ಜೋತುಬೀಳುತ್ತದೆಯೇ?

ಬ್ರಾ ಹಾಕಿಕೊಂಡಾಗ ಎತ್ತಿ ಹಿಡಿಯುತ್ತದೆ, ಬಿಚ್ಚಿದ ಮೇಲೆ ಅದರ ಅಧಿಕಾರ ಮುಗಿಯಿತು. ಸ್ತನ ಇಳಿಯುವುದಕ್ಕೆ ವಯಸ್ಸು, ಬಸಿರುಗಳು, ತೂಕದ ಏರಿಳಿತ, ಧೂಮಪಾನ ಮುಖ್ಯ ಕಾರಣಗಳು. ಅಂಕೋಲೆ, ಕುಮಟೆ ಕಡೆಯ ಹಾಲಕ್ಕಿ ಅಜ್ಜಿಯರು ಕುಪ್ಪಸವನ್ನೂ ತೊಡದೆ, ಕೊರಳ ತುಂಬ ಮಣಿಸರ ಹಾಕಿ, ಸೀರೆಯನ್ನು ಹೆಗಲಿಗೆ ಗಂಟು ಕಟ್ಟಿ ಜೀವಮಾನವಿಡೀ ಗದ್ದೆ ಕೆಲಸ ಮಾಡಿದವರು. ಬ್ರಾ ಹಾಕಲೇಬೇಕೆಂಬ ವೈದ್ಯಕೀಯ ನಿಯಮ ಇಲ್ಲ. ಭಾರದಿಂದ ನೋವಾಗುತ್ತಿದ್ದರೆ ಹಾಕಿ, ಬಟ್ಟೆ ಚೆನ್ನಾಗಿ ಕೂರಲೆಂದು ಹಾಕಿ, ಇಷ್ಟವಿಲ್ಲದಿದ್ದರೆ ಬಿಡಿ. ರಾತ್ರಿ ಹಾಕಿ ಮಲಗುವುದೂ ಅಷ್ಟೇ: ಸಡಿಲವಾದ, ತಂತಿ ಇಲ್ಲದ್ದಾದರೆ ಹಾನಿಯಿಲ್ಲ, ಲಾಭವೂ ಇಲ್ಲ. ಮಾರುವವಳೇ ಹೀಗೆ ಹೇಳಬಹುದೇ ಎಂದು ಕೇಳುವವರಿದ್ದಾರೆ. ಹೇಳಬಹುದು.

ಮಗಳಿಗೆ ಯಾವಾಗ ಕೊಡಿಸಬೇಕು?

ಎದೆಯ ಬೆಳವಣಿಗೆ ಸಾಮಾನ್ಯವಾಗಿ 8ರಿಂದ 13ನೆಯ ವಯಸ್ಸಿನೊಳಗೆ ಆರಂಭವಾಗುತ್ತದೆ. ಮೊದಲು ಒಂದೇ ಬದಿಯಲ್ಲಿ ತೊಟ್ಟಿನ ಅಡಿ ಸಣ್ಣ ಗಟ್ಟಿ ಗಂಟು ಕೈಗೆ ಸಿಗುವುದು, ಮುಟ್ಟಿದರೆ ನೋಯುವುದು ಸಹಜ. ಓಡುವಾಗ ನೋವು ಎಂದರೆ, ಸಮವಸ್ತ್ರದೊಳಗೆ ಮುಜುಗರ ಎಂದರೆ ಆಗ ಸಮಯ ಬಂದಿದೆ. ಹುಕ್ ಇಲ್ಲದ ಹತ್ತಿಯ ಬನಿಯನ್ ಮಾದರಿಯಿಂದ ಶುರು ಮಾಡಿ. 'ಬೆಳೆಯುವ ಮಗು' ಎಂದು ದೊಡ್ಡದು ಕೊಡಿಸುವ ಅಭ್ಯಾಸ ಚಪ್ಪಲಿಗೂ ಸರಿಯಲ್ಲ, ಇದಕ್ಕಂತೂ ಬೇಡವೇ ಬೇಡ. ಆರು ತಿಂಗಳಿಗೊಮ್ಮೆ ಅಳೆಯಿರಿ. ಅಳೆಯುವ ಮೊದಲು ಅವಳನ್ನು ಕೇಳಿ. ಅಂಗಡಿಯಲ್ಲಿ ಎಲ್ಲರ ಎದುರು ಅವಳ ಅಳತೆಯನ್ನು ಜೋರಾಗಿ ಹೇಳಬೇಡಿ.

ಬಸುರಿ, ಬಾಣಂತಿಯರಿಗೆ?

ಕಪ್ ಬಸಿರಿನ ಆರಂಭದಲ್ಲೇ ಏರುತ್ತದೆ, ಕೊನೆಯ ತಿಂಗಳುಗಳಲ್ಲಿ ಪಕ್ಕೆಲುಬಿನ ಗೂಡೂ ಅಗಲವಾಗುತ್ತದೆ. ಹಾಲೂಡಿಸುವ ಬ್ರಾವನ್ನು ಕೊನೆಯ ತಿಂಗಳಲ್ಲಿ ಕೊಳ್ಳುವಾಗ ಹೊರಗಿನ ಹುಕ್ಕಿಗೆ ಹೊಂದುವಂತಿರಲಿ, ಹೆರಿಗೆಯ ನಂತರ ಗೂಡು ಇಳಿದಾಗ ಒಳಗಿನ ಸಾಲುಗಳು ಉಪಯೋಗಕ್ಕೆ ಬರುತ್ತವೆ. ಕಪ್ಪಿನಲ್ಲಿ ಕೈ ಒಳಗೆ ಹೋಗುವಷ್ಟು ಜಾಗ ಇರಲಿ, ಏಕೆಂದರೆ ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಹಾಲು ತುಂಬಿದಾಗ ಗಾತ್ರ ಒಮ್ಮೆಲೇ ಏರುತ್ತದೆ. ಆಗ ಎರಡು ಸಾಕು. ಹಾಲು ಒಂದು ಹದಕ್ಕೆ ಬಂದ ಮೇಲೆ ಮತ್ತೆ ಅಳೆದು ಉಳಿದದ್ದನ್ನು ಕೊಳ್ಳಿ.

ಮೊದಲ ವಾರಗಳಲ್ಲಿ ತಂತಿ, ಬಿಗಿಪಟ್ಟಿ ಬೇಡ. ಒಂದೇ ಕಡೆ ಒತ್ತಿದರೆ ಹಾಲು ಕಟ್ಟಿಕೊಳ್ಳಬಹುದು. ಒಂದು ಜಾಗ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಹಾಲೂಡಿಸುವುದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಇನ್ನೊಂದು: ಎಣ್ಣೆ ಸ್ನಾನದ ದಿನಗಳಲ್ಲಿ ಹಳೆಯ ಬ್ರಾ ಹಾಕಿಕೊಳ್ಳಿ. ಎಣ್ಣೆ ಎಲಾಸ್ಟಿಕ್ಕನ್ನು ಬೇಗ ಕೆಡಿಸುತ್ತದೆ.

ಕರಾವಳಿಯ ಸೆಖೆಗೆ ಎದೆಯ ಕೆಳಗೆ ಕೆಂಪಾಗಿ ತುರಿಸುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಈ ದೂರು ತಪ್ಪುವುದಿಲ್ಲ. ಚರ್ಮಕ್ಕೆ ಚರ್ಮ ಒತ್ತಿ, ಬೆವರು ನಿಂತು, ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಕೆಳಗಿನಿಂದ ಸರಿಯಾಗಿ ಎತ್ತಿ ಹಿಡಿಯುವ ಹತ್ತಿಯ ಕಪ್ ಆ ಮಡಿಕೆಯನ್ನೇ ಬಿಡಿಸುತ್ತದೆ, ಸಡಿಲ ಬ್ರಾ ಬೆವರನ್ನು ಅಲ್ಲೇ ಹಿಡಿದಿಡುತ್ತದೆ. ದಪ್ಪ ಸ್ಪಂಜಿನ ಪ್ಯಾಡ್ ಬೇಸಿಗೆಗೆ ಬೇಡ. ಸ್ನಾನದ ನಂತರ ಆ ಜಾಗವನ್ನು ಒರೆಸಿ ಒಣಗಿಸಿ, ಮಧ್ಯಾಹ್ನ ಒದ್ದೆಯಾದರೆ ಬದಲಿಸಿ. ತುರಿಕೆ ನಿಲ್ಲದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಔಷಧ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮು ಎರಡು ದಿನ ತಣ್ಣಗಾಗಿಸಿ ಆಮೇಲೆ ಹುಳುಕಡ್ಡಿಯನ್ನು ಹಠಮಾರಿಯಾಗಿಸುತ್ತದೆ.

ಮೀನಿನ ಬುಟ್ಟಿ ಹೊರುವವರು, ತೋಟ-ಗದ್ದೆಯಲ್ಲಿ ದುಡಿಯುವವರು, ಕಡಲತೀರದಲ್ಲಿ ಓಡುವವರು ಯಾವುದನ್ನು ಹಾಕಬೇಕು?

ತಲೆಯ ಮೇಲೆ ಭಾರ ಹೊರುವವರಿಗೆ, ಬಗ್ಗಿ ನಾಟಿ ಮಾಡುವವರಿಗೆ ಅಗಲ ಭುಜಪಟ್ಟಿ, ಅಗಲ ಕೆಳಪಟ್ಟಿ, ತಂತಿಯಿಲ್ಲದ ಹತ್ತಿ ಕಪ್. ಬಗ್ಗಿದಾಗ ಮುಂದಿನಿಂದ ಹೊರಬಾರದಂತೆ ಕಪ್ ಮೇಲಿನವರೆಗೆ ಮುಚ್ಚುವಂತಿರಲಿ. ಠಾಗೋರ್ ಕಡಲತೀರದಲ್ಲಿ ಬೆಳಗಿನ ನಡಿಗೆಗೆ ನಿಮ್ಮ ದಿನದ ಬ್ರಾ ಸಾಕು. ಓಡುವವರಿಗೆ ಸ್ಪೋರ್ಟ್ಸ್ ಬ್ರಾ ಬೇಕು, ಸ್ತನ ಮೇಲೆ ಕೆಳಗೆ ಮಾತ್ರವಲ್ಲ ಪಕ್ಕಕ್ಕೂ ಆಡುತ್ತದೆ. ಚಿಕ್ಕ ಕಪ್ಪಿನವರಿಗೆ ಎದೆಗೆ ಒತ್ತಿ ಹಿಡಿಯುವ ಬನಿಯನ್ ಮಾದರಿ ಸಾಕು, ಡಿ ಮತ್ತು ಅದಕ್ಕಿಂತ ಮೇಲಿನವರಿಗೆ ಎರಡೂ ಬದಿಗೆ ಬೇರೆ ಬೇರೆ ಕಪ್ ಇರುವುದೇ ಬೇಕು. ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಸಲ ಕುಪ್ಪಳಿಸಿ ನೋಡಿ. ನಾವು ನಗುವುದಿಲ್ಲ.

ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ದಿನ ಬಾಳುತ್ತವೆ?

ಉಳಿದ ಊರಿನವರಿಗೆ ಮೂರು ಸಾಕಾದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ ಜೂನ್ ಬರುವ ಮೊದಲು ಐದಾರು ಇರಲಿ. ಅವುಗಳಲ್ಲಿ ಎರಡಾದರೂ ಪ್ಯಾಡ್ ಇಲ್ಲದ ತೆಳುವಾದವು, ಅವು ಫ್ಯಾನಿನ ಗಾಳಿಗೇ ಒಣಗುತ್ತವೆ. ಶಿರಸಿ, ಸಿದ್ದಾಪುರ ಕಡೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹರಡುತ್ತಾರೆ. ಪಂಚೆ, ಟವೆಲ್‌ಗೆ ಸರಿ, ಬ್ರಾಗೆ ಬೇಡ: ಕಾವಿಗೆ ಎಲಾಸ್ಟಿಕ್ ಸಾಯುತ್ತದೆ, ಹೊಗೆವಾಸನೆ ಬೇರೆ. ಕೈಯಲ್ಲಿ ತಣ್ಣೀರಿಗೆ ತೊಳೆದು, ಹಿಂಡದೆ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಎರಡು ಕಪ್ಪಿನ ನಡುವೆ ಹಗ್ಗಕ್ಕೆ ತೂಗುಹಾಕಿ. ಭುಜಪಟ್ಟಿಯಿಂದ ತೂಗಿದರೆ ನೀರಿನ ಭಾರಕ್ಕೆ ಪಟ್ಟಿ ಉದ್ದವಾಗುತ್ತದೆ. ಸೀರೆಯ ಅಡಿಗೆ ಮುಚ್ಚಿ ಒಣಗಿಸಿದರೆ ಒಣಗುವುದಿಲ್ಲ, ಬೂಸು ಹಿಡಿಯುತ್ತದೆ. ಗಾಳಿ ಬೀಳುವಲ್ಲಿ ಹಾಕಿ, ನೋಡುವವರು ನೋಡಲಿ.

ಒಂದೇ ಬ್ರಾವನ್ನು ದಿನಾ ಹಾಕಬೇಡಿ, ನಡುವೆ ಒಂದು ದಿನ ಬಿಟ್ಟರೆ ಎಲಾಸ್ಟಿಕ್ ತಿರುಗಿ ಕೂಡಿಕೊಳ್ಳುತ್ತದೆ. ಅತಿ ಒಳಗಿನ ಹುಕ್ಕಿನಲ್ಲೂ ಪಟ್ಟಿ ಬೆನ್ನ ಮೇಲೇರಿದರೆ ಅದರ ಆಯಸ್ಸು ಮುಗಿದಿದೆ, ತಿಂಗಳು ಎಷ್ಟೇ ಆಗಿರಲಿ.

ಮನೆಗೆ ಒಯ್ದ ಮೇಲೆ ಸರಿಯಾಗದಿದ್ದರೆ ಬದಲಾಯಿಸಿಕೊಡುತ್ತೀರಾ?

ತೊಳೆದಿರಬಾರದು, ಚೀಟಿ ಕಿತ್ತಿರಬಾರದು. ಮನೆಯಲ್ಲಿ ತೆಳು ಬನಿಯನ್ ಮೇಲೆ ಹಾಕಿ ಅರ್ಧ ಗಂಟೆ ಕೆಲಸ ಮಾಡಿ ನೋಡಿ, ಕುಳಿತು ಎದ್ದು ಬಗ್ಗಿ. ಎಲ್ಲಿ ಒತ್ತುತ್ತದೆ, ಎಲ್ಲಿ ಏರುತ್ತದೆ ಎಂದು ನೆನಪಿಟ್ಟುಕೊಂಡು ಬನ್ನಿ. 'ಏನೋ ಸರಿಯಿಲ್ಲ' ಎನ್ನುವುದಕ್ಕಿಂತ 'ಎಡ ಕಂಕುಳ ಬಳಿ ಚುಚ್ಚುತ್ತದೆ' ಎಂದರೆ ಎರಡನೆಯ ಸಲಕ್ಕೇ ಸರಿಯಾದದ್ದು ಸಿಗುವ ಸಾಧ್ಯತೆ ಹೆಚ್ಚು. ಭಾನುವಾರ ಸಂತೆಯ ದಿನ ಗದ್ದಲ ಇರುತ್ತದೆ, ಅಳತೆಗೆ ವಾರದ ನಡುವೆ ಬೆಳಿಗ್ಗೆ ಬನ್ನಿ.